ಎರಡು ಮಕ್ಕಳು, ಒಬ್ಬರು ಅತ್ತೆ, ಬಾಗಲಕೋಟೆಯಿಂದ ಸಾಂಬ್ರಾ: ಯಾವ ಗಾಡಿ ಹಿಡಿಯಲಿ?

ನವನಗರದ ತಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆಯ ನವನಗರ. ಬರುವ ತಿಂಗಳು ಬೆಂಗಳೂರಿನ ವಿಜಯನಗರದಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ನನ್ನನ್ನು ಒಂದು ಮಾತು ಕೇಳದೆ ಅಕ್ಕ ಬೆಳಗಾವಿ ಹತ್ತಿರದ ಸಾಂಬ್ರಾ ವಿಮಾನ ನಿಲ್ದಾಣದಿಂದ ಟಿಕೆಟ್ ತೆಗೆಸಿ ಕಳಿಸಿದ್ದಾಳೆ. ಹೊರಡುವವರು ನಾನು, ನಾಲ್ಕು ವರ್ಷದ ಮಗ, ಹದಿನಾಲ್ಕು ತಿಂಗಳ ಮಗಳು ಮತ್ತು ಮೊಣಕಾಲು ನೋವಿನ ಅತ್ತೆ. ಯಜಮಾನರಿಗೆ ಪರೀಕ್ಷೆಯ ಕೆಲಸ ಬಿದ್ದಿದೆ, ಬರುವಂತಿಲ್ಲ.

ವಿಮಾನದೊಳಗಿನ ಒಂದು ತಾಸನ್ನು ಹೇಗೋ ಕಳೆಯಬಹುದು. ಚಿಂತೆ ಇರುವುದು ಅದರ ಆಚೆ ಈಚೆಯ ದಾರಿಯದು. ಇಲ್ಲಿಂದ ಸಾಂಬ್ರಾಕ್ಕೆ ಹತ್ತಿರ ಹತ್ತಿರ 130 ಕಿ.ಮೀ., ಮೂರು ತಾಸು. ಆ ಕಡೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ವಿಜಯನಗರಕ್ಕೆ ಮತ್ತೆ ಸುಮಾರು 40 ಕಿ.ಮೀ. ಕಾರು ವಿಚಾರಿಸಿದೆ. ಕಿಲೋಮೀಟರಿಗೆ 13 ರೂಪಾಯಿ, ಓಡಲಿ ಬಿಡಲಿ ದಿನಕ್ಕೆ 300 ಕಿ.ಮೀ. ಲೆಕ್ಕ, ಮೇಲೆ ಚಾಲಕರ ಬಾಟಾ. ನಾಲ್ಕು ಸಾವಿರ ದಾಟಿತು. ಆ ಮೊತ್ತ ಕೇಳಿದ ಕೂಡಲೇ ಅತ್ತೆಯ ಮೊಣಕಾಲು ನೋವು ಮಾಯವಾಗಿದೆ, ಬಸ್ಸಿಗೆ ಹೋಗೋಣ ಎನ್ನುತ್ತಿದ್ದಾರೆ.

ಮಕ್ಕಳನ್ನು ಕಟ್ಟಿಕೊಂಡು ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಜಮಖಂಡಿ ಸೊಸೆ:
ಅತ್ತೆಯವರ ಮಾತಿಗೆ ನಗಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಬಸ್ಸಿನಲ್ಲೂ ವೇಗದೂತದಲ್ಲೂ ನಿಮಗಿಬ್ಬರಿಗೆ ಶೂನ್ಯ ಟಿಕೆಟ್. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಮೊದಲೂ ಇರಲಿಲ್ಲ. ಆಧಾರ್ ತೋರಿಸಿದರೆ ನಾಲ್ಕು ಜನ ಒಂದು ರೂಪಾಯಿ ಬಿಚ್ಚದೆ ಬೆಳಗಾವಿ ಮುಟ್ಟುತ್ತೀರಿ. ಮಗಳಿಗೆ ಎಂಟು ತಿಂಗಳಿದ್ದಾಗ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬಸ್ಸಿನಲ್ಲೇ ಕರೆದೊಯ್ದಿದ್ದೇನೆ. ಬಸ್ಸಿನ ನಡುವಿನ ಸೀಟು ಹಿಡಿಯಿರಿ, ಹಿಂದಿನ ಗಾಲಿಯ ಮೇಲೆ ಕುಳಿತರೆ ಮಗುವಿನ ಹೊಟ್ಟೆಯಲ್ಲಿದ್ದದ್ದೆಲ್ಲ ಮಡಿಲಿಗೆ ಬರುತ್ತದೆ. ಬಾಗಿಲ ಹಿಂದಿನ ಸೀಟೂ ಬೇಡ, ಬ್ರೇಕ್ ಬಿದ್ದರೆ ತಡೆಯಲು ಮುಂದೆ ಏನೂ ಇರುವುದಿಲ್ಲ.

ಒಂದೇ ತೊಂದರೆ. ಮಗು ಬಟ್ಟೆ ಹೊಲಸು ಮಾಡಿಕೊಂಡಿತು ಎಂದು ಬಸ್ಸು ನಿಲ್ಲುವುದಿಲ್ಲ. ಲೋಕಾಪುರ ಬಿಟ್ಟರೆ ಯರಗಟ್ಟಿ ಬರುವ ತನಕ ಉಸಿರು ಬಿಗಿಹಿಡಿದು ಕೂರಬೇಕು.

ಗುಮ್ಮಟದ ನೆರಳು:
ವಿಜಯಪುರದಿಂದ ಬರೆಯುತ್ತಿದ್ದೇನೆ. ಬುರಣಾಪುರದ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಾಗ ನನ್ನ ಮಗಳು ತಾಯಿಯ ಹೊಟ್ಟೆಯಲ್ಲಿದ್ದಳು. ಅವಳೀಗ ಬಾಲವಾಡಿಗೆ ಹೋಗುತ್ತಾಳೆ, ನಾನು ವಿಮಾನ ಹತ್ತಲು ಹುಬ್ಬಳ್ಳಿಗೇ ಹೋಗುತ್ತೇನೆ. ಕೊಲ್ಹಾರದ ಸೇತುವೆ, ಗದ್ದನಕೇರಿ ಕ್ರಾಸ್, ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ. ಎರೆ ಹೊಲದ ನಡುವೆ ಗೆರೆ ಎಳೆದಂತೆ ರಸ್ತೆ, ನಾಲ್ಕು ತಾಸು.

ಮೊದಲ ಸಲ ನಾವೂ ದುಡ್ಡು ಉಳಿಸಲು ಹೋದೆವು. ಮನೆಯಿಂದ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಬಸ್ಸು, ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಮತ್ತೆ ಆಟೋ, ಬೆಂಗಳೂರಿನಲ್ಲಿ ಬಸ್ಸು, ಮೆಜೆಸ್ಟಿಕ್‌ನಲ್ಲಿ ಮತ್ತೊಂದು ಆಟೋ. ಪ್ರತಿ ಸಲ ಇಳಿದಾಗಲೂ ನಾನು ಎಣಿಸುತ್ತಿದ್ದೆ. ಮಗು ಒಂದು, ಪೆಟ್ಟಿಗೆ ಎರಡು, ಹಾಲಿನ ಚೀಲ ಒಂದು, ಹೆಂಡತಿಯ ಪರ್ಸು, ನನ್ನ ಬಗಲ ಚೀಲ, ಛತ್ರಿ. ಒಟ್ಟು ಏಳು. ಹುಬ್ಬಳ್ಳಿಯ ಆಟೋ ಹೊರಟುಹೋದ ಮೇಲೆ ಎಣಿಸಿದರೆ ಆರು. ಹೋದದ್ದು ಹಾಲಿನ ಚೀಲ. ಬಾಟಲಿ, ಪುಡಿ, ಬಿಸಿನೀರಿನ ಫ್ಲಾಸ್ಕು ಎಲ್ಲ ಅದರಲ್ಲೇ. ವಿಮಾನ ಹಾರುವ ತನಕ ಅವಳು ಅತ್ತದ್ದನ್ನು ಬರೆಯಲು ಹೋಗುವುದಿಲ್ಲ.

ಅಂದಿನಿಂದ ನಾನು ದರ ಎಷ್ಟು ಎಂದು ಮೊದಲು ಕೇಳುವುದಿಲ್ಲ. ಎಷ್ಟು ಸಲ ಇಳಿದು ಹತ್ತಬೇಕು ಎಂದು ಕೇಳುತ್ತೇನೆ. ನಿಮ್ಮದು ಬಸ್ಸಾದರೆ ಎಷ್ಟಾಗುತ್ತದೆ ಎಣಿಸಿ ನೋಡಿ.

ರೈಲುಪ್ರಿಯ:
ವಿಮಾನವೇ ಏಕೆ? ರಾತ್ರಿ ಬಾಗಲಕೋಟೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಐದು ವರ್ಷದೊಳಗಿನವರಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ಟೂ ಇಲ್ಲ. ಒಂದೇ ಸಲ ಹತ್ತುವುದು, ಒಂದೇ ಸಲ ಇಳಿಯುವುದು.

ನವನಗರದ ತಾಯಿ:
ನಿಮ್ಮ ಮಾತು ನೂರಕ್ಕೆ ನೂರು ನಿಜ. ಆದರೆ ಟಿಕೆಟ್ ಆಗಿಹೋಗಿದೆ, ಮತ್ತು ಮಗ ಓಣಿಯ ಎಲ್ಲರಿಗೂ ತಾನು ವಿಮಾನ ಹತ್ತುವ ಸುದ್ದಿ ಹಂಚಿ ಬಂದಿದ್ದಾನೆ. ಈಗ ರೈಲು ಎಂದರೆ ನನಗೆ ಮನೆಯಲ್ಲಿ ಉಳಿಗಾಲವಿಲ್ಲ.

ಹಳದಿ ಬೋರ್ಡು:
ತಂಗಿ, ನಾನು ಬೆಳಗಾವಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿದ್ದೇನೆ. ನನ್ನ ಗಾಡಿಯನ್ನೇ ಹಿಡಿಯಿರಿ ಎಂದು ಹೇಳಲು ಬಂದಿಲ್ಲ, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲನೆಯದು. ನೀವು ಬಾಗಲಕೋಟೆ ಕಡೆಯಿಂದ ಬಂದರೆ ಬೆಳಗಾವಿ ಊರಿಗಿಂತ ಮೊದಲೇ ಸಾಂಬ್ರಾ ಸಿಗುತ್ತದೆ. ಯರಗಟ್ಟಿ, ನೇಸರಗಿ ದಾಟಿದ ಮೇಲೆ ಅದೇ ರಸ್ತೆಯಲ್ಲೇ ಇದೆ, ಊರು ಅಲ್ಲಿಂದ ಇನ್ನೂ ಹತ್ತು ಕಿ.ಮೀ. ಮುಂದೆ. ಬಸ್ಸಿನವರು ಕೇಂದ್ರ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಆಟೋದಲ್ಲಿ ವಾಪಸು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಸ್ಸಿಗೇ ಬರುವುದಾದರೆ ನಿರ್ವಾಹಕರಿಗೆ ಮೊದಲೇ ಹೇಳಿ ಸಾಂಬ್ರಾದಲ್ಲಿ ಇಳಿಯಿರಿ. ಆದರೆ ಊರಿನ ಸ್ಟಾಪಿನಿಂದ ಟರ್ಮಿನಲ್ ತನಕ ಪೆಟ್ಟಿಗೆ, ಮಕ್ಕಳು, ಮೊಣಕಾಲು ನೋವಿನ ತಾಯಿ ಎಲ್ಲರನ್ನೂ ನಡೆಸಿಕೊಂಡು ಹೋಗುವುದು ಆಗದ ಮಾತು.

ಎರಡನೆಯದು. ಕಾರು ಹೇಳುವಾಗ ಹಳದಿ ಬೋರ್ಡಿನದೇ ಇರಲಿ. ಐನೂರು ರೂಪಾಯಿ ಕಡಿಮೆಗೆ ಬಿಳಿ ಬೋರ್ಡಿನವರು ಸಿಗುತ್ತಾರೆ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದಾಗ ಏನಾದರೂ ಆದರೆ ವಿಮೆಯವರು ಕೈ ಎತ್ತಿಬಿಡಬಹುದು. ಹಳದಿ ಬೋರ್ಡಿಗೆ 80 ಕಿ.ಮೀ. ದಾಟದಂತೆ ವೇಗ ನಿಯಂತ್ರಕವೂ ಇರಬೇಕು. ಅವಸರದವರು ಅದಕ್ಕಾಗಿ ನಮ್ಮನ್ನು ಬೈಯುತ್ತಾರೆ, ಮಕ್ಕಳಿದ್ದವರು ಬೈಯಬಾರದು.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಸ್ವಂತ ಕಾರಿನ ಹಿಂಬಾಗಿಲಿಗೆ ಒಳಗಿನಿಂದ ತೆರೆಯದಂತೆ ಮಾಡುವ ಚೈಲ್ಡ್ ಲಾಕ್ ಇರುತ್ತದೆ. 2019ರ ಜುಲೈ ನಂತರದ ಬಾಡಿಗೆ ಕಾರುಗಳಲ್ಲಿ ಅದು ಇರಕೂಡದು ಎಂದು ನಿಯಮವಿದೆ. ಒಳಗಿದ್ದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಯಾರೂ ಕೂಡಿಹಾಕಬಾರದು ಎಂದು ಮಾಡಿದ್ದು, ಒಳ್ಳೆಯದೇ. ಆದರೆ ನಾಲ್ಕು ವರ್ಷದ ಹುಡುಗನನ್ನು ಬಾಗಿಲ ಪಕ್ಕ ಕೂರಿಸಿದರೆ ಓಡುವ ಗಾಡಿಯಲ್ಲಿ ಅವನು ಹಿಡಿ ಎಳೆಯಬಹುದು. ನೇಸರಗಿ ಹತ್ತಿರ ಒಬ್ಬ ಎಳೆದೇಬಿಟ್ಟ. ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ. ಬೆಲ್ಟ್ ಬಿಗಿದಿದ್ದರು, ಬಚಾವಾದ.

ಕೋಟೆಕೆರೆ:
ಬೆಳಗಾವಿಯಿಂದ ನಾನು. ಬಸ್ಸು, ಕಾರು, ದರ ಎಲ್ಲ ಬಂತು. ಮಕ್ಕಳು ಯಾವುದರಲ್ಲಿ ಕೂರುತ್ತಾರೆ ಎಂದು ಯಾರೂ ಕೇಳಲಿಲ್ಲ. ಹದಿನಾಲ್ಕು ತಿಂಗಳ ಮಗುವಿಗೆ ಕಾರಿನ ಬೆಲ್ಟ್ ಹೊಂದುವುದಿಲ್ಲ. ಅದಕ್ಕೆ ಬೇರೆಯೇ ಸೀಟು ಬೇಕು, ಮುಖ ಹಿಂದಕ್ಕೆ ಮಾಡಿ ಕೂರಿಸುವಂಥದ್ದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಬಾಡಿಗೆ ಕಾರಿನವರು ಆ ಸೀಟು ಕೊಡುತ್ತಾರೆಂದು ಕಾಯಬೇಡಿ. ನಾನು ಐದಾರು ಕಡೆ ಕೇಳಿದೆ. ಒಬ್ಬರು, 'ಸೀಟ್ ಕವರ್ ಹೊಸದೇ ಇದೆ ಮೇಡಂ' ಎಂದರು.

ಮುಧೋಳದ ಮಾಮಾ:
ಇದೆಲ್ಲ ದೊಡ್ಡ ಊರಿನವರ ಶೋಕಿ. ನಾವು ನಾಲ್ಕು ಜನ ಅಣ್ಣತಮ್ಮಂದಿರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಜಾತ್ರೆ ಮಾಡಿ ಬೆಳೆದವರು. ತಾಯಿಯ ಮಡಿಲಿಗಿಂತ ಗಟ್ಟಿ ಸೀಟು ಯಾವುದಿದೆ?

ವಾರ್ಡಿನ ಅಕ್ಕ:
ಮಾಮಾ, ಮಕ್ಕಳ ವಾರ್ಡಿನಲ್ಲಿ ದಾದಿಯಾಗಿ ಹನ್ನೆರಡು ವರ್ಷ ಕಳೆದಿದ್ದೇನೆ, ಅದಕ್ಕೇ ಉತ್ತರ ಕೊಡುತ್ತಿದ್ದೇನೆ. ತಾಸಿಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಯಾವುದಕ್ಕಾದರೂ ಬಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತರೆ, ಮಡಿಲಲ್ಲಿರುವ 10 ಕೆಜಿಯ ಮಗುವನ್ನು ತಡೆದು ಹಿಡಿಯಲು 250ರಿಂದ 300 ಕೆಜಿ ಎತ್ತುವಷ್ಟು ಬಲ ಬೇಕು. ಮೂರು ಚೀಲ ಗೋವಿನಜೋಳವನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿ, ಆಮೇಲೆ ಮಡಿಲಿನ ಮಾತು ಆಡೋಣ. ತಾಯಿ ಮತ್ತು ಮಗುವಿಗೆ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಕೆಟ್ಟದ್ದು, ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ನಡೆದಾಡಲು ಸರಿ, ಕಾರಿನೊಳಗೆ ಅದನ್ನು ನಂಬಬೇಡಿ.

ನಾಲ್ಕು ವರ್ಷದವನಿಗೆ ಕೂರುವ ಎತ್ತರ ಹೆಚ್ಚಿಸುವ, ಬೆನ್ನಿಗೆ ಆಸರೆ ಇರುವ ಬೂಸ್ಟರ್ ಸೀಟು ಸಾಕು, 15 ಕೆಜಿ ದಾಟಿದ್ದರೆ. ಬೆಲ್ಟ್ ಕುತ್ತಿಗೆಗೆ ಒತ್ತಬಾರದು, ಹೆಗಲ ಮೇಲೆ ಬರಬೇಕು. ಒತ್ತುತ್ತದೆ ಎಂದು ಕಂಕುಳಿನ ಕೆಳಗೆ ಸರಿಸುವವರಿದ್ದಾರೆ, ಹಾಗೆ ಮಾಡಬೇಡಿ. ವಾಂತಿಯ ಔಷಧವನ್ನು ವೈದ್ಯರನ್ನು ಕೇಳದೆ ಹಾಕಬೇಡಿ, ಎರಡು ವರ್ಷದೊಳಗಿನ ಮಗುವಿಗೆ ಅಂತೂ ಬೇಡವೇ ಬೇಡ. ಚಿಕ್ಕವಳನ್ನು ಎರಡು ತಾಸಿಗೊಮ್ಮೆ ಸೀಟಿನಿಂದ ಎತ್ತಿ ಆಡಿಸಿ. ವಿಮಾನ ಇಳಿಯುವಾಗ ಎದೆಹಾಲು ಕೊಟ್ಟರೆ ಕಿವಿ ನೋವು ಕಡಿಮೆಯಾಗಬಹುದು.

ಮುಧೋಳದ ಮಾಮಾ:
ಮೂರು ಚೀಲ ಎಂದ ಮೇಲೆ ನಾನು ಸುಮ್ಮನಾದೆ.

ಗುಮ್ಮಟದ ನೆರಳು:
ಮಾಮಾ ಸುಮ್ಮನಾದದ್ದನ್ನು ನಾನು ಈ ವೇದಿಕೆಯಲ್ಲಿ ಮೊದಲ ಸಲ ನೋಡುತ್ತಿದ್ದೇನೆ.

ನವನಗರದ ತಾಯಿ:
ಆ ಸೀಟಿನ ಬೆಲೆ ನೋಡಿದೆ. ಮೂರು ದಿನದ ಪ್ರಯಾಣಕ್ಕೆ ಅಷ್ಟು ಕೊಟ್ಟು ಕೊಂಡರೆ ಯಜಮಾನರು ಅದರಲ್ಲಿ ನನ್ನನ್ನೇ ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಇರುವುದು ಬೈಕು ಮಾತ್ರ.

ಕೋಟೆಕೆರೆ:
ಕೊಳ್ಳಬೇಡಿ. ನನ್ನ ಮಗನ ಸೀಟು ಅಟ್ಟದ ಮೇಲಿದೆ. ಮಗು ಚಿಕ್ಕದಿದ್ದಾಗ ಮುಖ ಹಿಂದಕ್ಕೆ, ಬೆಳೆದ ಮೇಲೆ ಮುಂದಕ್ಕೆ ಮಾಡಿ ಕೂರಿಸಬಹುದು. ಯಾವ ಅಪಘಾತವನ್ನೂ ಕಂಡಿಲ್ಲ. ಬೇರೆಯವರ ಸೀಟು ತೆಗೆದುಕೊಳ್ಳುವಾಗ ಇದನ್ನು ಕೇಳಲೇಬೇಕು, ಒಮ್ಮೆ ಪೆಟ್ಟು ತಿಂದ ಸೀಟನ್ನು ಮತ್ತೆ ಬಳಸಬಾರದು. ಕೆಳಗೆ ಪ್ಲಾಸ್ಟಿಕ್ಕಿನ ಮೇಲೆ ಅವಧಿಯ ಮುದ್ರೆ ಇರುತ್ತದೆ, ಇದಕ್ಕೆ ಇನ್ನೂ ಮೂರು ವರ್ಷ ಇದೆ. 'ನಮ್ಮ ಕಾರ್ಗೋ'ದಲ್ಲಿ ಬಾಗಲಕೋಟೆ ಬಸ್ ನಿಲ್ದಾಣಕ್ಕೆ ಹಾಕುತ್ತೇನೆ, ಬಿಡಿಸಿಕೊಳ್ಳಿ. ವಿಮಾನದಲ್ಲಿ ಹೆಚ್ಚಿನವರು ಮಗುವಿನ ಸೀಟನ್ನು ಲಗೇಜಿಗೆ ಹಾಕಲು ಹಣ ತೆಗೆದುಕೊಳ್ಳುವುದಿಲ್ಲ, ಆದರೂ ನಿಮ್ಮ ಟಿಕೆಟಿನ ವಿಮಾನದವರನ್ನು ಒಮ್ಮೆ ಕೇಳಿ. ಚಿಕ್ಕವಳ ಜನನ ಪ್ರಮಾಣಪತ್ರದ ಪ್ರತಿ ಮರೆಯಬೇಡಿ, ಎರಡು ವರ್ಷದೊಳಗಿನ ಮಗು ಎಂದರೆ ವಯಸ್ಸಿನ ದಾಖಲೆ ಕೇಳುತ್ತಾರೆ.

ಇಳಕಲ್‌ನಿಂದ ವಿಜಯನಗರ:
ನಾನು ಇಳಕಲ್ಲಿನವನು, ಹನ್ನೊಂದು ವರ್ಷದಿಂದ ವಿಜಯನಗರದಲ್ಲೇ ಇದ್ದೇನೆ, ಹಾಗಾಗಿ ಆ ತುದಿಯನ್ನು ನನಗೆ ಬಿಡಿ.

ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬಿಎಂಟಿಸಿಯ ಕೆಐಎಎಸ್-9 ವಾಯುವಜ್ರ ಬಸ್ಸಿದೆ. ಒಳ್ಳೆಯ ಬಸ್ಸು, ಹವಾನಿಯಂತ್ರಿತ, ನೆಲ ತಗ್ಗಿನಲ್ಲಿದೆ, ಪೆಟ್ಟಿಗೆ ಇಡಲು ಒಳಗೇ ಕಟ್ಟೆ ಇದೆ. ಒಬ್ಬನೇ ಬಂದರೆ ನಾನು ಬೇರೆ ಯಾವುದನ್ನೂ ಹತ್ತುವುದಿಲ್ಲ. ಶಕ್ತಿ ಟಿಕೆಟ್ ಇದರಲ್ಲಿ ನಡೆಯುವುದಿಲ್ಲ, ಅತ್ತೆಯವರಿಗೆ ಮೊದಲೇ ಹೇಳಿಡಿ. ಮೆಜೆಸ್ಟಿಕ್‌ನಿಂದ ವಿಜಯನಗರಕ್ಕೆ ನೇರಳೆ ಮಾರ್ಗದ ಮೆಟ್ರೊ. ನಕಾಶೆಯಲ್ಲಿ ನೋಡಿದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಬ್ಬನ ಕೈ ಹಿಡಿದು, ಪೆಟ್ಟಿಗೆ ಎಳೆದುಕೊಂಡು ಮೆಜೆಸ್ಟಿಕ್‌ನ ಮೆಟ್ಟಿಲು ಇಳಿದು ಹತ್ತುವುದು ನಕಾಶೆಯಲ್ಲಿ ಕಾಣಿಸುವುದಿಲ್ಲ.

ವಿಮಾನ ನಿಲ್ದಾಣದ ಹತ್ತಿರವೇ ರೈಲಿನ ಹಾಲ್ಟ್ ಒಂದಿದೆ. ಅಲ್ಲಿ ರೈಲುಗಳು ಕಡಿಮೆ, ಅದನ್ನು ಮರೆತುಬಿಡಿ.

ಆ್ಯಪ್‌ನಲ್ಲಿ ಕಾರು ಕರೆಯುವುದಾದರೆ ದೊಡ್ಡ ಕಾರು ಎಂದೇ ಕರೆಯಿರಿ. ಸಣ್ಣ ಕಾರುಗಳಲ್ಲಿ ಸಿಎನ್‌ಜಿ ಹೆಚ್ಚು, ಡಿಕ್ಕಿ ತೆರೆದರೆ ಸಿಲಿಂಡರು ಕಾಲು ಚಾಚಿ ಮಲಗಿರುತ್ತದೆ. ನಿಮ್ಮ ಪೆಟ್ಟಿಗೆ ಆಗ ಅತ್ತೆಯವರ ತೊಡೆಯ ಮೇಲೆ. ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಭಾವ ತಮ್ಮ ಕಾರು ತರುವುದು. ಟಿಕೆಟ್ಟಿನಲ್ಲಿ ಟಿ1 ಎಂದಿದೆಯೋ ಟಿ2 ಎಂದಿದೆಯೋ ನೋಡಿ ಅವರಿಗೆ ತಿಳಿಸಿ. 2023ರಲ್ಲಿ ಎರಡನೇ ಟರ್ಮಿನಲ್ ಶುರುವಾದ ಮೇಲೆ ನಮ್ಮ ಮನೆಯವರೇ ಒಂದರಲ್ಲಿ ಇಳಿದು ಇನ್ನೊಂದರ ಮುಂದೆ ನನಗಾಗಿ ಕಾದಿದ್ದಾರೆ.

ಟಿಳಕವಾಡಿ:
ಗೋವಾದ ಮೋಪಾ ವಿಮಾನ ನಿಲ್ದಾಣದಿಂದ ಹೋಗುವವರೂ ಇಲ್ಲಿದ್ದರೆ ಒಂದು ಸಾಲು. ಚೋರ್ಲಾ ಘಟ್ಟದ ತಿರುವುಗಳಲ್ಲಿ ನನ್ನ ಇಬ್ಬರೂ ಮಕ್ಕಳು ಸರದಿಯಂತೆ ವಾಂತಿ ಮಾಡಿದರು, ಆಮೇಲೆ ನಾನು ಮಾಡಿದೆ. ಮಳೆಗಾಲದಲ್ಲಿ ಆ ಕಡೆ ಹೋಗುವ ಮುನ್ನ ಎರಡು ಸಲ ಯೋಚಿಸಿ.

ನವನಗರದ ತಾಯಿ:
ಎಲ್ಲರ ಮಾತು ಕೇಳಿ ಎಣಿಸಿದೆ. ಬಸ್ಸಾದರೆ ಮನೆಯಿಂದ ಆಟೋ, ಬಸ್ಸು, ಸಾಂಬ್ರಾದಲ್ಲಿ ಮತ್ತೊಂದು ಗಾಡಿ. ಹತ್ತಿ ಇಳಿಯುವುದು ಮೂರು ಸಲ. ಕಾರಾದರೆ ಒಂದೇ ಸಲ. ಹೋಗುವಾಗ ಊರಿನದೇ ಹಳದಿ ಬೋರ್ಡಿನ ಕಾರು, ಅಲ್ಲಿ ಭಾವನ ಕಾರು. ಸೀಟು ನಿನ್ನೆ ಬಂತು. ಅತ್ತೆ ಅದನ್ನು ಸುತ್ತು ಹಾಕಿ ನೋಡಿ, 'ಇದು ನಮ್ಮ ತೊಟ್ಟಿಲಿಗಿಂತ ಭಾರ' ಎಂದರು. ಮರಳುವ ದಾರಿಗೆ ಹಳದಿ ಬೋರ್ಡು ಅಣ್ಣನವರಿಗೆ ಹೇಳಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.

ಹಳದಿ ಬೋರ್ಡು:
ವಿಮಾನದ ಸಂಖ್ಯೆ ಕಳಿಸಿಡಿ ತಂಗಿ. ತಡವಾದರೆ ನಾನೇ ನೋಡಿಕೊಳ್ಳುತ್ತೇನೆ.

(ಐದು ವಾರದ ನಂತರ)

ನವನಗರದ ತಾಯಿ:
ಹೋಗಿ ಬಂದೆವು. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ, ಬಟ್ಟೆ ಒಗೆದು ಮುಗಿಯುವ ಹೊತ್ತಿಗೆ ಇಷ್ಟು ದಿನವಾಯಿತು.

ಹೋಗುವ ದಿನ ನಸುಕಿನಲ್ಲಿ ಕಾರು ಬಂತು. ಸೀಟನ್ನು ಹಿಂದಿನ ದಿನವೇ ಎದುರು ಮನೆಯವರ ಕಾರಿನಲ್ಲಿ ಎರಡು ಸಲ ಕಟ್ಟಿ ಬಿಚ್ಚಿ ಕಲಿತಿದ್ದೆ. ಕೋಟೆಕೆರೆ ಅಕ್ಕ ವಿಡಿಯೊ ಕಳಿಸಿದ್ದರು. ಆ ಧೈರ್ಯದಲ್ಲಿ ಸೀಟು ಇಟ್ಟು ಬೆಲ್ಟ್ ಎಳೆದರೆ, ಸಿಕ್ಕಿಸಲು ಬಕಲ್ಲೇ ಇಲ್ಲ. ಹೊಳೆಯುವ ಕಂದು ಬಣ್ಣದ ರೆಕ್ಸಿನ್ ಕವರು ಹೊಲಿದಿದ್ದಾರೆ, ಬಕಲ್ ಅದರ ಕೆಳಗೆ. ಚಾಲಕ ತಮ್ಮ, 'ಹಿಂದೆ ಯಾರೂ ಹಾಕುವುದಿಲ್ಲ ಅಕ್ಕ' ಎಂದ. ಕವರಿನ ಸಂದಿಯಲ್ಲಿ ನನ್ನ ಕೈ ಹೋಗಲಿಲ್ಲ. ಅತ್ತೆ ಒಳಗೆ ಹೋಗಿ ಸಾರಿನ ಸೌಟು ತಂದರು. ಅದರ ಹಿಡಿಯನ್ನು ಸಂದಿಗೆ ತುರುಕಿ ಮೀಟಿದಾಗ ಮೊದಲು ಒಂದು ಬಾಚಣಿಗೆ ಬಂತು, ಆಮೇಲೆ ಯಾರದೋ ಬಸ್ ಟಿಕೆಟು, ಕೊನೆಗೆ ಬಕಲ್. ಇಪ್ಪತ್ತು ನಿಮಿಷ ಅದಕ್ಕೇ ಹೋಯಿತು. ಮುಂದೆ ಹೋಗುವವರು ಕಾರು ಹೇಳುವಾಗಲೇ ಹಿಂದಿನ ಸೀಟಿನ ಬಕಲ್ ಮೇಲೆ ತೆಗೆದಿಡಿ ಎಂದು ಹೇಳಿ.

ಚಿಕ್ಕವಳ ಸೀಟನ್ನು ಎಡಗಡೆ ಕಟ್ಟಿದೆ, ಇಳಿಸುವಾಗ ರಸ್ತೆಯ ಕಡೆ ಹೋಗಬಾರದು ಎಂದು. ಮುಂದಿನ ಸೀಟಿನಲ್ಲಿ ಕಟ್ಟಲು ಚಾಲಕ ಹೇಳಿದ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ, ಮುಖ ಹಿಂದಕ್ಕೆ ಮಾಡಿದ ಸೀಟನ್ನು ಅಲ್ಲಿ ಇಡಲೇಬಾರದು ಎಂದು ಕೋಟೆಕೆರೆ ಅಕ್ಕ ಕಿವಿ ಹಿಂಡಿ ಹೇಳಿದ್ದರು. ನಾನು ನಡುವೆ ಕುಳಿತೆ, ಅಲ್ಲಿ ಸೊಂಟದ ಬೆಲ್ಟ್ ಮಾತ್ರ ಇತ್ತು, ಬೂಸ್ಟರಿಗೆ ಅದು ಸಾಲದು. ಹಾಗಾಗಿ ಮಗ ಬಲಬಾಗಿಲ ಪಕ್ಕ. ಬಾಗಿಲ ಹಿಡಿಯ ಮೇಲೆ ದಾರಿಯುದ್ದಕ್ಕೂ ನನ್ನ ಎಡಗಣ್ಣು ಇತ್ತೋ ಬಲಗಣ್ಣು ಇತ್ತೋ, ಅಂತೂ ಒಂದು ಕಣ್ಣು ಇತ್ತು. ಅತ್ತೆ ಮುಂದೆ ಕಾಲು ಚಾಚಿ ಕುಳಿತರು. ನಾಲ್ಕು ಸಾವಿರದ ಮಾತನ್ನು ಲೋಕಾಪುರ ದಾಟುವ ಮೊದಲೇ ಮರೆತರು.

ಚಿಕ್ಕವಳು ಮೊದಲ ಹದಿನೈದು ನಿಮಿಷ ಊರು ಒಂದು ಮಾಡಿದಳು. ಸೀಟು ಬೇಡವೆಂದಲ್ಲ, ಮುಖ ಹಿಂದಕ್ಕಿದ್ದರೆ ನಾನು ಕಾಣಿಸುತ್ತಿಲ್ಲ ಎಂದು. ನಾನು ಬಾಗಿ ಮುಖ ತೋರಿಸಿದೆ, ಬಳೆ ಆಡಿಸಿದೆ. ಆಮೇಲೆ ಮಲಗಿದವಳು ಯರಗಟ್ಟಿಯ ತನಕ ಏಳಲಿಲ್ಲ. ಯರಗಟ್ಟಿಯಲ್ಲಿ ಬೇವಿನ ಮರದ ಕೆಳಗೆ ಅರ್ಧ ತಾಸು ನಿಂತೆವು. ಬಟ್ಟೆ ಬದಲಿಸಿದ್ದು, ಹಾಲು ಕುಡಿಸಿದ್ದು, ಮೊಸರನ್ನ ತಿನ್ನಿಸಿದ್ದು ಎಲ್ಲ ಅಲ್ಲೇ. ಬಸ್ಸಿನಲ್ಲಿ ಇದು ಆಗುತ್ತಿರಲಿಲ್ಲ, ಜಮಖಂಡಿ ಅಕ್ಕ, ನೀವು ಹೇಳಿದ ಆ ಒಂದೇ ತೊಂದರೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಬೆಂಗಳೂರಿನಲ್ಲಿ ಭಾವ ಸರಿಯಾದ ಟರ್ಮಿನಲ್ಲಿಗೇ ಬಂದಿದ್ದರು. ಅದೇ ಸೀಟು ಅವರ ಕಾರಿಗೂ ಕೂತಿತು. ಅಲ್ಲಿಯ ತನಕ ಎಲ್ಲ ಸರಿ.

ಮರಳುವ ದಿನ ಭಾವನಿಗೆ ಕಚೇರಿ. ಆ್ಯಪ್‌ನಲ್ಲಿ ದೊಡ್ಡ ಕಾರು ಕರೆದೆ. ಮೊದಲಿನವರು ಬರುತ್ತೇನೆಂದು ಹೇಳಿ ಹತ್ತು ನಿಮಿಷ ನಿಂತಲ್ಲೇ ನಿಂತು ರದ್ದು ಮಾಡಿದರು. ಎರಡನೆಯವರು ಬಂದರು, ಡಿಕ್ಕಿ ತೆರೆದರೆ ಇಳಕಲ್ಲಿನ ಅಣ್ಣ ಹೇಳಿದ ಸಿಲಿಂಡರು. ದೊಡ್ಡ ಕಾರಿನಲ್ಲೂ! ಒಂದು ಪೆಟ್ಟಿಗೆಯನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿದೆವು. ನಾನು ಮಗಳ ಸೀಟು ಕಟ್ಟುತ್ತಿದ್ದರೆ ಚಾಲಕರು ಗಡಿಯಾರ ನೋಡುತ್ತಿದ್ದರು. ಕಾಯುವ ದುಡ್ಡು ಕೊಡುತ್ತೇನೆ, ಆದರೆ ಇದು ಬಿಗಿಯಾಗದೆ ಗಾಡಿ ಕದಲುವುದು ಬೇಡ ಎಂದೆ. ಹಾಗೆ ಹೇಳಲು ನನಗೆ ಹೋಗುವಾಗ ಆಗುತ್ತಿರಲಿಲ್ಲ.

ವಿಮಾನ ಎರಡು ತಾಸು ತಡ. ಸಾಂಬ್ರಾದಲ್ಲಿ ಇಳಿದಾಗ ಕತ್ತಲು. ಹೊರಗೆ ನಿಂತಿದ್ದ ನಾಲ್ಕೈದು ಕಾರುಗಳೂ ಬೇರೆಯವರಿಗೆ ಹೇಳಿದ್ದು. ನಮ್ಮ ಜೊತೆ ಇಳಿದ ಒಬ್ಬರು ಎರಡು ಮಕ್ಕಳೊಂದಿಗೆ ಕಂಬದ ಕೆಳಗೆ ಫೋನು ಹಿಡಿದು ಓಡಾಡುತ್ತಿದ್ದರು. ನಮ್ಮ ಹೆಸರು ಬರೆದ ರಟ್ಟು ಹಿಡಿದು ಹಳದಿ ಬೋರ್ಡು ಅಣ್ಣ ನಿಂತಿದ್ದರು. ಬಕಲ್ಲುಗಳು ಮೂರೂ ಸೀಟಿನ ಮೇಲೆ ಸಾಲಾಗಿ ಕೂತಿದ್ದವು. ನನಗೆ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ, ರಾತ್ರಿ ಒಂಬತ್ತೂವರೆಗೆ ಎರಡು ಮಕ್ಕಳನ್ನು ಹಿಡಿದು ನಿಂತವರಿಗೆ ಗೊತ್ತು.

ಹಳದಿ ಬೋರ್ಡು:
ಕಂಬದ ಕೆಳಗಿದ್ದವರಿಗೆ ನಮ್ಮ ಹುಡುಗನೊಬ್ಬನನ್ನು ಕಳಿಸಿದೆ. ಖಾನಾಪುರದವರಂತೆ, ಮನೆ ಮುಟ್ಟಿದರು. ಮರಳುವಾಗ ಗಾಡಿ ಸಿಕ್ಕೇ ಸಿಗುತ್ತದೆ ಎಂದು ನಂಬಿ ಬರಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಇದು ಸಣ್ಣ ನಿಲ್ದಾಣ, ಕೊನೆಯ ವಿಮಾನದವರು ಹೋದರೆ ಗೇಟಿನ ಮುಂದೆ ನಾಯಿ ಮಾತ್ರ.

ಜಮಖಂಡಿ ಸೊಸೆ:
ಖರ್ಚು ಒಟ್ಟು ಎಷ್ಟಾಯಿತು? ನಾನು ಬಸ್ಸಿನ ಪಕ್ಷ ಬಿಟ್ಟಿಲ್ಲ, ಕೇಳುತ್ತಿದ್ದೇನೆ ಅಷ್ಟೆ.

ನವನಗರದ ತಾಯಿ:
ಹೋಗಿ ಬರುವ ಕಾರುಗಳು, ಬೆಂಗಳೂರಿನದೂ ಸೇರಿ, ಹತ್ತು ಸಾವಿರ ಮುಟ್ಟಿತು. ಬೂಸ್ಟರ್ ಬೇರೆ. ನಾನೊಬ್ಬಳೇ ಹೋಗುವುದಾದರೆ ಶೂನ್ಯ ಟಿಕೆಟ್ಟಿನಲ್ಲೇ ಹೋಗುತ್ತೇನೆ ಅಕ್ಕ. ಮಗ ಒಬ್ಬನೇ ಇದ್ದಿದ್ದರೂ ಬಸ್ಸೇ ಆಗುತ್ತಿತ್ತು. ಇಬ್ಬರಿದ್ದಾಗ ನನಗೆ ಇರುವುದು ಎರಡೇ ಕೈ.

ವಾರ್ಡಿನ ಅಕ್ಕ:
ಮಗನ ಬೆಲ್ಟ್?

ನವನಗರದ ತಾಯಿ:
ಹಾಕಿಕೊಂಡ. ಈಗ ಅಪ್ಪನ ಬೈಕಿನಲ್ಲೂ ಬೆಲ್ಟ್ ಕೇಳುತ್ತಿದ್ದಾನೆ.

ವಾರ್ಡಿನ ಅಕ್ಕ:
ಕೇಳುವುದು ಸರಿಯೇ. ಬೈಕಿನಲ್ಲೂ ನಾಲ್ಕು ವರ್ಷದ ತನಕದ ಮಕ್ಕಳಿಗೆ ಚಾಲಕರಿಗೆ ಸೇರಿಸಿ ಕಟ್ಟುವ ಪಟ್ಟಿ, ತಲೆಗೆ ಹೆಲ್ಮೆಟ್, 40 ಕಿ.ಮೀ. ಮೀರದ ವೇಗ ಎಂದು 2023ರಿಂದ ನಿಯಮ ಇದೆ. ನಿಮ್ಮ ಯಜಮಾನರಿಗೆ ಅವನಿಂದಲೇ ಹೇಳಿಸಿ.

ಗುಮ್ಮಟದ ನೆರಳು:
ಕೋಟೆಕೆರೆ ಅಕ್ಕ, ಒಂದು ಮಾತು. ಮುಂದಿನ ವಾರ ತಮ್ಮನ ಹೆಂಡತಿ ಒಂಬತ್ತು ತಿಂಗಳ ಕೂಸಿನೊಂದಿಗೆ ಹುಬ್ಬಳ್ಳಿಗೆ ಇಳಿಯುತ್ತಾಳೆ. ಆ ಸೀಟು ಈಗ ಎಲ್ಲಿದೆ?

ಕೋಟೆಕೆರೆ:
ಇನ್ನೂ ನವನಗರದಲ್ಲೇ ಇದೆ. ಬೆಳಗಾವಿಗೆ ಕಳಿಸಬೇಡಿ ತಂಗಿ, ಅಲ್ಲಿಂದಲೇ ವಿಜಯಪುರದ ಬಸ್ಸಿಗೆ ಹಾಕಿ.

ನವನಗರದ ತಾಯಿ:
ನಾಳೆ ಹಾಕುತ್ತೇನೆ. ಪಟ್ಟಿಯ ಸಂದಿಯಲ್ಲಿ ಶೇಂಗಾ ಸಿಪ್ಪೆ ಸೇರಿಕೊಂಡಿದೆ, ಇವತ್ತು ಒಂದು ದಿನ ಬಿಸಿಲಿಗೆ ಇಟ್ಟಿದ್ದೇನೆ.

ಗುಮ್ಮಟದ ನೆರಳು:
ಜೊತೆಗೆ ಆ ಸೌಟನ್ನೂ ಇಟ್ಟು ಕಳಿಸಿ.